ಪ್ಯಾರಾಶೂಟ್ ಲ್ಯಾಂಡಿಂಗ್ ಅಭ್ಯಾಸದ ಗುಂಡಿ ಮತ್ತು ತೂಗುಚೌಕಟ್ಟು: ಇಲ್ಲಿಯವರೆಗಿನ ಕೆಲಸ

ಗುಂಡಿ ತುಂಬಿದೆ, ಎರಡು ಕಟ್ಟೆಗಳು ನಿಂತಿವೆ, ತೂಗುಚೌಕಟ್ಟಿನ ಬಿಡುಗಡೆ ಕೊಂಡಿಯ ಪರೀಕ್ಷೆ ನಡೆಯುತ್ತಿದೆ.

ಮಾದರಿಗೆ ಹಿಡಿದದ್ದು ಅಮೆರಿಕದ ವಾಯುಪಡೆ ತನ್ನ ವಿದ್ಯಾರ್ಥಿ ಪೈಲಟ್‌ಗಳಿಗೆ ಕಲಿಸುವ ಕ್ರಮ. ಮೊದಲು ನೆಲದಲ್ಲೇ ಉರುಳುವುದು, ಆಮೇಲೆ ಗಿಡ್ಡ ಕಟ್ಟೆಯಿಂದ ಜಿಗಿಯುವುದು, ಆಮೇಲೆ ಹಾರ್ನೆಸ್‌ನಲ್ಲಿ (ಮೈಗೆ ಬಿಗಿಯುವ ಪಟ್ಟಿಗಳಲ್ಲಿ) ತೂಗಿ ಬೀಳುವುದು. ಬಹಳ ಕಾಲ ಇದರ ಮೇಲೆ ಪ್ಯಾರಾಸೇಲ್ ಕೂಡ ಇತ್ತು: ವಾಹನದಿಂದ ಎಳೆದು ನೂರಾರು ಅಡಿ ಏರಿಸಿ, ಹಗ್ಗ ಬಿಟ್ಟು ಇಳಿಸುತ್ತಿದ್ದರು. ಆ ಮೆಟ್ಟಿಲು ನಮ್ಮ ಯೋಜನೆಯಲ್ಲಿ ಇಲ್ಲ.

ಪ್ಯಾರಾಟ್ರೂಪರ್‌ಗೆ ಜಿಗಿತವೇ ಕಸುಬು. ವಿದ್ಯಾರ್ಥಿ ಪೈಲಟ್‌ಗೆ ಹಾಗಲ್ಲ. ಬೀದರ್‌ನಲ್ಲಿ ಹಾಕ್ ತರಬೇತಿ ವಿಮಾನ ಹಾರಿಸುವ ಟ್ರೇನಿ ಇರಲಿ, ಅಮೆರಿಕದಲ್ಲಿ ಟಿ-6 ತರಬೇತಿ ವಿಮಾನ ಹಾರಿಸುವವರಿರಲಿ, ಸೀಟನ್ನೇ ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಎಜೆಕ್ಷನ್ ಹಿಡಿ ಎಳೆದ ದಿನವೇ ಅವರ ಮೊದಲ ನಿಜವಾದ ಇಳಿತ ಆಗಬಹುದು. ಸೀಟಿನ ಹೊಡೆತ ತಿಂದ ಬೆನ್ನುಮೂಳೆಯಲ್ಲೇ ನೆಲವನ್ನೂ ಮುಟ್ಟಬೇಕು. ಹಾಗಾಗಿ ಈ ಪಾಠ ತಲೆಗಿಂತ ಮೊದಲು ಮೈಗೆ ಹತ್ತಬೇಕು.

ಲೆಕ್ಕ

28 ಅಡಿ ವ್ಯಾಸದ ದುಂಡು ಕ್ಯಾನಪಿಯಡಿ (ಕ್ಯಾನಪಿ ಅಂದರೆ ಪ್ಯಾರಾಶೂಟಿನ ಬಟ್ಟೆಯ ಕೊಡೆ) ಇಳಿಯುವ ವೇಗ ಸೆಕೆಂಡಿಗೆ ಸುಮಾರು 6 ಮೀಟರ್, ತೂಕ ಹೆಚ್ಚಿದ್ದರೆ ಇನ್ನೂ ಜಾಸ್ತಿ. ಅಂದರೆ 1.8 ಮೀಟರ್ ಗೋಡೆಯಿಂದ ಧುಮುಕಿದಷ್ಟು. ಮಂಡಿ ಬಿಗಿದು 5 ಸೆಂ.ಮೀ.ನಲ್ಲಿ ನಿಂತರೆ ಮೈಮೇಲೆ ಬೀಳುವುದು ಸರಾಸರಿ 37 ಜಿ, ಅಂದರೆ ಗುರುತ್ವದ 37 ಪಟ್ಟು. ಉರುಳುತ್ತಾ ಅದನ್ನೇ ಅರ್ಧ ಮೀಟರ್‌ಗೆ ಹಂಚಿದರೆ 4 ಜಿ ಒಳಗೆ. ಪಿ.ಎಲ್.ಎಫ್. (ಪ್ಯಾರಾಶೂಟ್ ಲ್ಯಾಂಡಿಂಗ್ ಫಾಲ್, ಉರುಳಿ ಇಳಿಯುವ ಕ್ರಮ) ಅಂದರೆ ಇಷ್ಟೇ. ಪಾದದ ಮುಂಭಾಗ, ಮೀನಖಂಡ, ತೊಡೆ, ಪೃಷ್ಠ, ಬೆನ್ನಿನ ಪಕ್ಕ, ಈ ಐದು ಜಾಗ ಒಂದಾದ ಮೇಲೊಂದು ನೆಲ ಮುಟ್ಟಬೇಕು. ಹಿಮ್ಮಡಿ, ಮೊಣಕೈ, ಅಂಗೈ, ತಲೆ ಈ ಸಾಲಿನಲ್ಲಿ ಇಲ್ಲ.

ಗುಂಡಿ

5 × 4 ಮೀಟರ್, ಆಳ 45 ಸೆಂ.ಮೀ. ಒಂಬತ್ತು ಘನ ಮೀಟರ್‌ಗೆ ಬಟಾಣಿ ಗಾತ್ರದ ನೊರಜುಗಲ್ಲು ಸುಮಾರು 14 ಟನ್ ಹಿಡಿಯಿತು. ಜಲ್ಲಿ ಬೇಡವೇ ಬೇಡ: ಅದರ ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿ ನೆಲವೇ ಆಗುತ್ತದೆ, ಚರ್ಮವೂ ಕಿತ್ತು ಬರುತ್ತದೆ. ಮರಳು ಅಗ್ಗ, ಆದರೆ ಒಂದು ಮಳೆ ಬಿದ್ದರೆ ಕುಳಿತು ಬಿಗಿಯುತ್ತದೆ. ದುಂಡುಕಲ್ಲು ಉರುಳಿ ಜಾಗ ಬಿಡುತ್ತದೆ, ನೀರೂ ಇಳಿದುಹೋಗುತ್ತದೆ. ಒಂದೇ ಜಾಗದಲ್ಲಿ ಹತ್ತು ಜನ ಬಿದ್ದರೆ ಅಲ್ಲೊಂದು ತಗ್ಗು. ಅದರ ಅಂಚಿನ ಮೇಲೆ ಒಂದು ಪಾದ, ತಗ್ಗಿನಲ್ಲಿ ಇನ್ನೊಂದು ಬಿದ್ದರೆ ಕಾಲು ಉಳುಕಿದಂತೆಯೇ. ಪ್ರತಿ ಐದು ಜಿಗಿತಕ್ಕೊಮ್ಮೆ ಕುಂಟೆ ಆಡಿಸುವುದು ಈಗ ನಿಯಮ.

ಕಟ್ಟೆ

ಎತ್ತರ 60 ಸೆಂ.ಮೀ. ಮತ್ತು 1.2 ಮೀಟರ್. ಎತ್ತರದ್ದರಿಂದ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 4.9 ಮೀಟರ್, ನಿಜವಾದ ಇಳಿತಕ್ಕೆ ಹತ್ತಿರ ಹತ್ತಿರ. ಅದಕ್ಕಿಂತ ಮೇಲೆ ಹೋಗುವುದರಲ್ಲಿ ಅರ್ಥವಿಲ್ಲ, ಕಲಿಕೆ ಹೆಚ್ಚುವುದಿಲ್ಲ, ಗಾಯ ಹೆಚ್ಚುತ್ತದೆ.

ಭಂಗಿ: ಪಾದ, ಮಂಡಿ ಜೋಡಿಸಿ, ಮಂಡಿ ಸ್ವಲ್ಪ ಮಡಚಿ, ಗದ್ದ ಎದೆಗೆ ಒತ್ತಿ, ಕೈ ರೈಸರ್ (ಹಾರ್ನೆಸ್‌ನಿಂದ ಕ್ಯಾನಪಿಯ ಹಗ್ಗಗಳಿಗೆ ಹೋಗುವ ಪಟ್ಟಿ) ಹಿಡಿದಂತೆ ಮೇಲೆ, ಮೊಣಕೈ ಮುಖದ ಮುಂದೆ ಕೂಡಿಸಿ. ಮಂಡಿಗಳ ನಡುವೆ ಮಡಚಿದ ಕರವಸ್ತ್ರ ಇಡಿಸುತ್ತೇವೆ. ನೆಲ ಮುಟ್ಟುವ ಮೊದಲೇ ಅದು ಜಾರಿದರೆ ಕಾಲು ಬಿಚ್ಚಿಕೊಂಡಿತ್ತು ಎಂದು ಯಾರೂ ಹೇಳಬೇಕಿಲ್ಲ. ಎಡ, ಬಲ ಎರಡೂ ಕಡೆಗೆ ಮುಂದೆ, ಪಕ್ಕಕ್ಕೆ, ಹಿಂದೆ, ಹೀಗೆ ಆರು ದಿಕ್ಕು. ಹಿಂದಕ್ಕೆ ಬೀಳುವುದಕ್ಕೆ ದುಪ್ಪಟ್ಟು ಸಮಯ ಕೊಡಿ. ಅಲ್ಲಿ ಸೊಂಟ ತಿರುಗಿಸದೆ ನೇರ ಕುಳಿತುಬಿಡುವುದೇ ಸಾಮಾನ್ಯ ತಪ್ಪು, ಕುಳಿತ ಕೂಡಲೇ ತಲೆ ಹಿಂದಕ್ಕೆ ಬಡಿಯುತ್ತದೆ.

ಕಟ್ಟೆಯ ಕೊರತೆ ಒಂದೇ: ಯಾವಾಗ ಬೀಳಬೇಕೆಂದು ಜಿಗಿಯುವವನೇ ತೀರ್ಮಾನಿಸುತ್ತಾನೆ. ಕ್ಯಾನಪಿಯಡಿ ಆ ತೀರ್ಮಾನ ಅವನ ಕೈಯಲ್ಲಿರುವುದಿಲ್ಲ. ಕೆಳಗೆ ನೋಡುತ್ತಾ ಬಂದರೆ ನೆಲ ಎದ್ದು ಬಂದಂತೆ ಕಂಡು ಕಾಲು ತಾನಾಗಿ ನೆಲಕ್ಕೆ ಚಾಚುತ್ತದೆ, ಮಂಡಿ ಬಿಗಿಯುತ್ತದೆ. ಅಲ್ಲೇ ಹಿಮ್ಮಡಿ ಮೂಳೆ, ಪಾದದ ಕೀಲು ಹೋಗುವುದು. ಕಣ್ಣು ದಿಗಂತದ ಮೇಲಿರಬೇಕು.

ತೂಗುಚೌಕಟ್ಟು

ಇಡೀ ಕೆಲಸದ ಜೀವ ಇದು. ಅಡ್ಡತೊಲೆ 4.5 ಮೀಟರ್ ಎತ್ತರದಲ್ಲಿ, ಹಗ್ಗ 2.4 ಮೀಟರ್, ತೂಗಾಟದ ತಳದಲ್ಲಿ ಪಾದ ಗುಂಡಿಯಿಂದ 60 ಸೆಂ.ಮೀ. ಮೇಲೆ. ಮೈಯನ್ನು ಅರ್ಧ ಮೀಟರ್ ಏರುವಷ್ಟು, ಅಂದರೆ ಸುಮಾರು 34 ಡಿಗ್ರಿ, ಹಿಂದಕ್ಕೆ ಎಳೆದು ಬಿಟ್ಟರೆ ತಳದಲ್ಲಿ ವೇಗ ಗಂಟೆಗೆ 11 ಕಿ.ಮೀ. ಹಗುರ ಗಾಳಿಯಲ್ಲಿ ತೇಲಿಬಂದಷ್ಟು. 80 ಕೆ.ಜಿ. ಆಳಿಗೆ ಆ ಕ್ಷಣ ಹಗ್ಗದ ಮೇಲೆ 107 ಕೆ.ಜಿ. ಎಳೆತ, ಕೊಂಡಿ, ಪಟ್ಟಿ, ತೊಲೆ ಎಲ್ಲಕ್ಕೂ ಅದರ ಹತ್ತುಪಟ್ಟು ತಾಕತ್ತು ಇಟ್ಟಿದ್ದೇವೆ.

ಬಿಡುಗಡೆಗೆ ಮೂರು ಬಳೆಗಳ ಕೊಂಡಿ. ದೊಡ್ಡ ಬಳೆಯೊಳಗೆ ಮಧ್ಯದ್ದು, ಅದರೊಳಗೆ ಚಿಕ್ಕದು, ಚಿಕ್ಕದನ್ನು ಹಿಡಿದ ನೂಲಿನ ಕುಣಿಕೆ, ಕುಣಿಕೆಯೊಳಗೆ ಕೇಬಲ್. ಒಂದೊಂದು ಬಳೆ ದಾಟಿದಂತೆ ಭಾರ ಇಳಿಯುವುದರಿಂದ ಕೇಬಲ್ ಕೈಬೆರಳಿಗೆ ಜಾರುತ್ತದೆ. ಧೂಳು ಕೂತರೆ ಕೇಬಲ್ ಅಂಟಂಟಾಗಿ ಅರ್ಧ ಸೆಕೆಂಡ್ ತಡವಾಗುತ್ತದೆ, ಆ ಅರ್ಧ ಸೆಕೆಂಡೇ ಅಪಾಯ. ತಳ ದಾಟಿ ಮುಂದಕ್ಕೆ ಏರುವಾಗ ಕಾಲು ಮುಂದೆ, ತಲೆ ಹಿಂದೆ ವಾಲಿರುತ್ತದೆ. ಆಗ ಕೊಂಡಿ ಬಿಟ್ಟರೆ ಹಿಮ್ಮಡಿ, ಪೃಷ್ಠ, ತಲೆ ಈ ಕ್ರಮದಲ್ಲೇ ಬೀಳುತ್ತಾನೆ. ಮರಳಿನ ಮೂಟೆ ಕಟ್ಟಿ ಪರೀಕ್ಷಿಸಿದಾಗ ಇದು ಕಣ್ಣಿಗೆ ರಾಚುವಂತೆ ಕಂಡಿತು. ಕೇಬಲ್ ಒರೆಸಿ ಸಿಲಿಕೋನ್ ಹಚ್ಚುವುದು ಈಗ ದಿನದ ಮೊದಲ ಕೆಲಸ. ಕೇಬಲ್ ಹಿಡಿಯುವವರು ತಳಕ್ಕೆ ನೇರವಾಗಿ ನೆಟ್ಟ ಗೂಟ ನೋಡಿ, ಮೈ ಅಲ್ಲಿಗೆ ಬರುವ ಮೊದಲೇ ಎಳೆಯಬೇಕು.

ತೂಗುವಾಗ ಕ್ಯಾನಪಿಯಡಿ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಬಾಯಿಬಿಟ್ಟು ಹೇಳಿಸಬೇಕು: ಕ್ಯಾನಪಿ, ವೈಸರ್ (ಹೆಲ್ಮೆಟ್ಟಿನ ಮುಖಗಾಜು), ಮಾಸ್ಕ್, ಸೀಟ್ ಕಿಟ್ (ಸೀಟಿನಡಿಯ ತುರ್ತು ಸಾಮಾನಿನ ಗಂಟು), ಎಲ್‌ಪಿಯು (ನೀರಿನಲ್ಲಿ ತೇಲಿಸುವ ಗಾಳಿಚೀಲ), ಫೋರ್ ಲೈನ್, ಸ್ಟಿಯರ್, ಪ್ರಿಪೇರ್, ರಿಲೀಸ್. ಕೆಳಗೆ ಮರ ಇದ್ದರೆ ವೈಸರ್ ಮುಚ್ಚಿಯೇ ಇರಲಿ, ಸೀಟ್ ಕಿಟ್ ಇಳಿಬಿಡಬಾರದು, ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಫೋರ್ ಲೈನ್ ಎಳೆಯುವುದು ಕ್ಯಾನಪಿ ಹರಿಯದೆ ಪೂರ್ತಿ ಅರಳಿದ್ದರೆ ಮಾತ್ರ: ಹಿಂದಿನ ನಾಲ್ಕು ಹಗ್ಗ ಬಿಟ್ಟುಕೊಂಡು ಗಾಳಿ ಹಿಂದಕ್ಕೆ ಹೋಗುತ್ತದೆ, ಓಲಾಟ ಕಡಿಮೆಯಾಗಿ ತಿರುಗಿಸಲು ಬರುತ್ತದೆ.

ಬಾಕಿ

ಎಳೆದಾಟದ ಪಟ್ಟಿ (ಇಳಿದ ಮೇಲೆ ಗಾಳಿ ತುಂಬಿದ ಕ್ಯಾನಪಿ ನೆಲದ ಮೇಲೆ ಎಳೆದೊಯ್ಯುವುದರ ಅಭ್ಯಾಸಕ್ಕೆ): 15 ಮೀಟರ್ ಹುಲ್ಲುನೆಲ, ಎಳೆಯಲು ನಾಲ್ಕು ಜನ. ಬೋರಲು ಬಿದ್ದವನು ಮೊದಲು ಅಂಗಾತ ತಿರುಗಿ, ಗದ್ದ ಎದೆಗೊತ್ತಿ, ಕಾಲು ಅಗಲಿಸಿ ಸ್ಥಿರವಾಗಬೇಕು, ಆಮೇಲಷ್ಟೇ ಕ್ಯಾನಪಿ ಬಿಡಿಸುವ ಕೊಂಡಿಗೆ ಕೈ ಹಾಕಬೇಕು. ಹುಲ್ಲಿನಲ್ಲಿ ಕಲ್ಲು ಆಯುವುದು ಇನ್ನೂ ಮುಗಿದಿಲ್ಲ.