"ಲಾಗ್‌ನಲ್ಲಿ ಏನೂ ಇಲ್ಲ ಸರ್"

ಎರಡು ಗೇಟ್‌ವೇ (ಸೆನ್ಸರ್ ಮತ್ತು ಸರ್ವರ್ ನಡುವಿನ ಪೆಟ್ಟಿಗೆ), ಎರಡರಲ್ಲೂ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಸೆನ್ಸರ್ ರೀಡಿಂಗ್‌ಗಳನ್ನು ಪೈಥಾನಿನ ಪಾಹೊ ಲೈಬ್ರರಿಯ ಮೂಲಕ ಎಂಕ್ಯೂಟಿಟಿ ಬ್ರೋಕರ್‌ಗೆ, ಅಂದರೆ ಸಾಧನಗಳ ಸಂದೇಶಗಳನ್ನು ಪಡೆದು ಹಂಚುವ ಸರ್ವರ್‌ಗೆ, ಕಳಿಸುವುದಷ್ಟೇ ಅವುಗಳ ಕೆಲಸ. ಈ ವಾರ ಎರಡರಿಂದಲೂ ಡೇಟಾ ಬಿಟ್ಟು ಬಿಟ್ಟು ಬರತೊಡಗಿತು. ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಅರ್ಧ ದಿನ ನೋಡಿ ಬಂದು ಹೇಳಿದಳು: "ಲಾಗ್‌ನಲ್ಲಿ ಏನೂ ಇಲ್ಲ ಸರ್."

"ಏನೂ ಇಲ್ವೋ, ಏನೂ ಬರ್ತಾನೇ ಇಲ್ವೋ?"

"ಎರಡೂ ಒಂದೇ ಅಲ್ವಾ ಸರ್?"

ಆ ಪ್ರಶ್ನೆ ಇನ್ನೂ ತಲೆಯಲ್ಲಿ ಸುತ್ತುತ್ತಿದೆ, ಏಕೆಂದರೆ ಎರಡೂ ಒಂದೇ ಅಲ್ಲ: ತೊಂದರೆಯ ಸುಳಿವೇ ಇಲ್ಲದಿರುವುದು ಬೇರೆ, ಸಾಲುಗಳು ಲಾಗ್‌ಗೆ ತಲುಪದೇ ಇರುವುದು ಬೇರೆ. ಹುಡುಗಿ ಚುರುಕು, ಪಾಹೊ ತನ್ನ ಲಾಗ್ ಬರೆಯುವಂತೆ ಮಾಡುವ ಎನೇಬಲ್‌_ಲಾಗರ್ ಅನ್ನು ಆಗಲೇ ಕರೆದಿದ್ದಳು. ಆದರೆ ಪೈಥಾನಿನ ರೂಟ್ ಲಾಗರ್ (ಎಲ್ಲ ಲಾಗರ್‌ಗಳ ಮೂಲ) ಸುಮ್ಮನೆ ಬಿಟ್ಟರೆ ವಾರ್ನಿಂಗ್ ಮಟ್ಟದಲ್ಲಿರುತ್ತದೆ, ಅದಕ್ಕಿಂತ ಕೆಳಗಿನ ಸಾಲುಗಳನ್ನು ಬಿಡುವುದಿಲ್ಲ. ಪಾಹೊ ಡಿಬಗ್ (ಸಣ್ಣಪುಟ್ಟ ವಿವರದ, ಕೆಳಗಿನ ಮಟ್ಟದ) ಸಾಲು ಬರೆದರೂ ಅದು ಅಲ್ಲೇ ಬಿದ್ದುಹೋಗುತ್ತದೆ. ಲಾಗಿಂಗ್ ಹೊಂದಿಸುವ ಬೇಸಿಕ್‌ಕಾನ್ಫಿಗ್‌ನಲ್ಲಿ ಮಟ್ಟವನ್ನು ಡಿಬಗ್‌ಗೆ ಇಳಿಸಬೇಕು. ಅದನ್ನೂ ಮಾಡಿದಳು, ಆದರೂ ಏನೂ ಬರಲಿಲ್ಲ. ಹಿಂದೆ ಯಾರೋ ಒಂದು ಯುಟಿಲಿಟಿ ಮಾಡ್ಯೂಲಿನೊಳಗೇ ಬೇಸಿಕ್‌ಕಾನ್ಫಿಗ್ ಕರೆದಿಟ್ಟಿದ್ದರು. ರೂಟ್‌ಗೆ ಒಮ್ಮೆ ಹ್ಯಾಂಡ್ಲರ್ (ಸಾಲುಗಳನ್ನು ಪರದೆಗೋ ಫೈಲಿಗೋ ಬರೆಯುವ ಭಾಗ) ಸೇರಿತೆಂದರೆ ಎರಡನೇ ಕರೆ ಸದ್ದಿಲ್ಲದೆ ವ್ಯರ್ಥ. ಫೋರ್ಸ್ ಟ್ರೂ ಕೊಟ್ಟರೆ ಮಾತ್ರ ಹಳೆಯದು ಹೋಗಿ ಹೊಸದು ಕೂರುತ್ತದೆ. ಲೈಬ್ರರಿಯೊಳಗೆ ಬೇಸಿಕ್‌ಕಾನ್ಫಿಗ್ ಬರೆಯುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಲೈಬ್ರರಿಯಾದದ್ದು ಏನನ್ನೂ ಬರೆಯದ ನಲ್‌ಹ್ಯಾಂಡ್ಲರ್ ಹಾಕಿಕೊಂಡು ಸುಮ್ಮನಿರಬೇಕು. ಏನು ತೋರಿಸಬೇಕು, ಎಲ್ಲಿ ತೋರಿಸಬೇಕು ಅನ್ನುವುದು ಅಪ್ಲಿಕೇಷನ್‌ಗೆ ಬಿಟ್ಟ ವಿಷಯ.

ಇನ್ನೊಂದು ಮಾತು. ಬೇಸಿಕ್‌ಕಾನ್ಫಿಗ್‌ನ ಮಾಮೂಲಿ ಫಾರ್ಮ್ಯಾಟ್‌ನಲ್ಲಿ ಸಮಯವೇ ಇರುವುದಿಲ್ಲ. ಆಸ್ಕ್‌ಟೈಮ್ ಸೇರಿಸಿದರೆ ಮಿಲಿಸೆಕೆಂಡ್ ಸಮೇತ ಬರುತ್ತದೆ. ಸಮಯವಿಲ್ಲದಿದ್ದರೆ ಈ ತೊಂದರೆ ಕಣ್ಣಿಗೇ ಬೀಳುತ್ತಿರಲಿಲ್ಲ.

ಕೊನೆಗೆ ಸಾಲುಗಳು ಬಂದವು. ಸೆಂಡಿಂಗ್ ಕನೆಕ್ಟ್, ಆವರಣದಲ್ಲಿ ಯು1, ಪಿ1, ಕೊನೆಯಲ್ಲಿ ಸಿ1, ಕೆ60, ಪಕ್ಕದಲ್ಲಿ ಕ್ಲೈಂಟ್ ಐಡಿ (ಬ್ರೋಕರ್ ಪೆಟ್ಟಿಗೆಯನ್ನು ಗುರುತಿಸುವ ಹೆಸರು). ಅಂದರೆ ಬಳಕೆದಾರ ಹೆಸರು, ಪಾಸ್‌ವರ್ಡ್ ಎರಡೂ ಹೋಗಿವೆ, ಕ್ಲೀನ್ ಸೆಷನ್ (ಹಳೆಯ ನೆನಪಿಲ್ಲದ ಹೊಸ ಆರಂಭ), ಕೀಪ್‌ಅಲೈವ್ (ಸಂದೇಶವಿಲ್ಲದೆ ಸುಮ್ಮನಿರಬಹುದಾದ ಸಮಯ) 60 ಸೆಕೆಂಡ್. ಹಿಂದೆಯೇ ಬ್ರೋಕರ್‌ನ ಉತ್ತರ, ರಿಸೀವ್ಡ್ ಕನ್ಯಾಕ್ (0, 0). ಎರಡನೆಯ ಸಂಖ್ಯೆ 4 ಅಥವಾ 5 ಆಗಿದ್ದರೆ ಲಾಗಿನ್ ತಂಟೆ ಅನ್ನಬಹುದಿತ್ತು. 0 ಅಂದರೆ ಬ್ರೋಕರ್ ಒಪ್ಪಿಕೊಂಡಿದೆ. ಆದರೆ ಸುಮಾರು ಎರಡು ಸೆಕೆಂಡಿಗೆ ಮತ್ತೆ ಕನೆಕ್ಟ್, ಮತ್ತೆ (0, 0). ಎಷ್ಟು ಕೆಳಗಿಳಿದರೂ ಸುಮ್ಮನಿದ್ದಾಗ ಸಂಪರ್ಕ ಜೀವಂತವಿದೆಯೇ ಎಂದು ಕೇಳುವ ಪಿಂಗ್‌ರೆಕ್ ಒಂದೇ ಒಂದೂ ಇಲ್ಲ. 60 ಸೆಕೆಂಡ್ ಬದುಕುವ ಸಂಪರ್ಕವೇ ಅಲ್ಲಿರಲಿಲ್ಲ.

ಎರಡೂ ಪೆಟ್ಟಿಗೆಗಳ ಲಾಗ್ ಅಕ್ಕಪಕ್ಕ ಇಟ್ಟಾಗ ಕ್ಲೈಂಟ್ ಐಡಿ ಒಂದೇ! ಒಂದು ಎಸ್‌ಡಿ ಕಾರ್ಡಿನಿಂದ ಇನ್ನೊಂದನ್ನು ನಕಲು ಮಾಡಿದ್ದರು. ಅದೇ ಐಡಿಯಲ್ಲಿ ಹೊಸಬ ಬಂದರೆ ಹಳೆಯವನನ್ನು ಹೊರಹಾಕಬೇಕು ಎಂಬುದು ಎಂಕ್ಯೂಟಿಟಿ 3.1.1ರ ನಿಯಮ. ಹೊರಬಿದ್ದವನು ಪಾಹೊದ ಕನಿಷ್ಠ ಗಡುವು 1 ಸೆಕೆಂಡ್ ಕಾದು ಮತ್ತೆ ಬರುತ್ತಾನೆ, ಒಳಗಿರುವವನನ್ನು ತಳ್ಳುತ್ತಾನೆ. ಕನ್ಯಾಕ್ 0 ಸಿಕ್ಕ ಕೂಡಲೇ ಆ ಗಡುವು ಮತ್ತೆ 1ಕ್ಕೇ ಇಳಿಯುವುದರಿಂದ ಈ ಜಗಳ ತಾನಾಗಿ ನಿಲ್ಲುವುದಿಲ್ಲ. ಸಂಪರ್ಕ ಇಲ್ಲದ ಹೊತ್ತಿನಲ್ಲಿ ಕ್ಯೂಒಎಸ್ 0ಯಲ್ಲಿ (ತಲುಪಿತೇ ಎಂದು ನೋಡದೆ ಒಮ್ಮೆ ಕಳಿಸಿಬಿಡುವ ಬಗೆ) ಕಳಿಸಿದ್ದೆಲ್ಲ ನಷ್ಟ.

ಐಡಿಯನ್ನು ಆಪರೇಟಿಂಗ್ ಸಿಸ್ಟಂನ ಗುರುತಿರುವ ಮಷಿನ್-ಐಡಿ ಫೈಲಿನಿಂದ ತೆಗೆಯೋಣ ಅಂದಳು. ಅದೂ ಕಾರ್ಡಿನ ಜೊತೆಗೇ ನಕಲಾಗುತ್ತದೆ. ಪೈಯ ಸೀರಿಯಲ್ ನಂಬರ್ ಬೋರ್ಡಿನದು, ಅದನ್ನೇ ಹಾಕಿದೆವು. ಬರೀ ಇಂಗ್ಲಿಷ್ ಅಕ್ಷರ, ಅಂಕಿಗಳ ಐಡಿ 23 ಬೈಟ್ ಒಳಗಿದ್ದರೆ ಯಾವ ಬ್ರೋಕರ್ ಕೂಡ ಅದರ ಬಗ್ಗೆ ತಕರಾರು ಮಾಡುವಂತಿಲ್ಲ.

ಪಾಹೊ ಬರೆದವರ ಬಗ್ಗೆ ಗೌರವ ಹೆಚ್ಚಾಯಿತು. ಪಿ1 ಎಂದು ಹೇಳುತ್ತದೆ, ಪಾಸ್‌ವರ್ಡ್ ಬರೆಯುವುದಿಲ್ಲ. ಪಬ್ಲಿಷ್ ಆದಾಗ ಟಾಪಿಕ್ ಮತ್ತು ಎಷ್ಟು ಬೈಟ್ ಅಷ್ಟೇ, ಒಳಗಿನ ಮಾಹಿತಿ ಇಲ್ಲ. ಯಾರ ಊರಿನ ಯಾವ ಪೆಟ್ಟಿಗೆ ಕೆಡುತ್ತದೋ ಗೊತ್ತಿಲ್ಲದೆಯೂ, ಅದನ್ನು ಬಿಚ್ಚಿ ಕೂರುವವರಿಗೆ ಏನು ಬೇಕಾದೀತು ಎಂದು ಯೋಚಿಸಿ ಬರೆದ ಸಾಲುಗಳವು. "ಪ್ರೊಡಕ್ಷನ್‌ನಲ್ಲಿ ಡಿಬಗ್ ಬೇಡವೇ ಬೇಡ" ಎನ್ನುವ ಮ್ಯಾನೇಜರ್‌ಗಳಿಗೆ ಇದು ಅರ್ಥವಾಗಬೇಕು. ಕಾರ್ಡ್ ತುಂಬುವ ಭಯವಿದ್ದರೆ ಫೈಲು ತುಂಬಿದಾಗ ಹೊಸದಕ್ಕೆ ತಿರುಗುವ ರೊಟೇಟಿಂಗ್‌ಫೈಲ್‌ಹ್ಯಾಂಡ್ಲರ್ ಇದೆ: 5 ಎಂಬಿಯ ಫೈಲು, ಹಳೆಯವು 3. ಬ್ಯಾಕಪ್‌ಕೌಂಟ್ (ಉಳಿಸಿಕೊಳ್ಳುವ ಹಳೆಯ ಫೈಲುಗಳ ಸಂಖ್ಯೆ) 0 ಆಗಿಯೇ ಉಳಿದರೆ ಮಾತ್ರ ಫೈಲು ತಿರುಗುವುದೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ.