ಸಹಿ ಪೆಟ್ಟಿಗೆ: ಮೂರು ವಾರದ ಲೆಕ್ಕ

ಹೆಸರಾಂತ ವ್ಯಕ್ತಿಗಳ ಸಹಿ ಇಟ್ಟಿರುವ ನನ್ನ ಪೆಟ್ಟಿಗೆಯಲ್ಲಿ ಒಟ್ಟು 11 ಸಹಿ. ಮೂರು ವಾರ ಕೂತರೂ ಬೆಲೆ ಬರೆಯಲು ಆಗಿದ್ದು 4ಕ್ಕೆ ಮಾತ್ರ.

ಮೊದಲ ವಾರ ಪೂರ್ತಿ ದಂಡ. ಮಾರಾಟಕ್ಕೆ ಇಟ್ಟವರು ಕೇಳುವ ಬೆಲೆಯನ್ನೇ ಪಟ್ಟಿ ಮಾಡುತ್ತಾ ಹೋದೆ. ಕೇಳುವುದಕ್ಕೇನು, ಎಷ್ಟು ಬೇಕಾದರೂ ಕೇಳಬಹುದು. ಪಟ್ಟಿ ಹರಿದು ಹಾಕಿ, ನಿಜವಾಗಿ ಮಾರಾಟವಾದದ್ದನ್ನು ಮಾತ್ರ ಹುಡುಕತೊಡಗಿದೆ.

ಎರಡನೇ ವಾರ ಭೂತಗನ್ನಡಿ ಹಿಡಿದೆ, 10 ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು. ಪುಟ್ಟ ಕ್ರಿಕೆಟ್ ಬ್ಯಾಟ್ ಮತ್ತು ಒಂದು ತಂಡದ ಫೋಟೋ ಮೊದಲೇ ಔಟ್. ಸಹಿಯ ಗೆರೆ ಪೂರ್ತಿ ಸಣ್ಣ ಚುಕ್ಕಿಗಳು, ಅಂದರೆ ಅಚ್ಚು ಹಾಕಿದ್ದು. ಪೆನ್ನಿನ ಸಹಿಯಾದರೆ ಸಾಮಾನ್ಯವಾಗಿ ಶಾಯಿ ಮೇಲೆ ಕೂತಿರುತ್ತದೆ. ಬೆಳಕಿಗೆ ಓರೆ ಹಿಡಿದರೆ ಹೊಳೆಯುತ್ತದೆ, ಗೆರೆಗಳು ಒಂದನ್ನೊಂದು ದಾಟುವ ಕಡೆ ದಟ್ಟವಾಗಿರುತ್ತದೆ.

ಇನ್ನು ನೀಲ್ ಆರ್ಮ್‌ಸ್ಟ್ರಾಂಗ್ ಫೋಟೋ. ಸುಳ್ಳೇಕೆ, ರಾತ್ರಿ ನಿದ್ದೆ ಬರಲಿಲ್ಲ. ಅವರು 1994ರಲ್ಲಿ ಅಭಿಮಾನಿಗಳಿಗೆ ಸಹಿ ಹಾಕುವುದನ್ನೇ ನಿಲ್ಲಿಸಿದ್ದರು. ಹಾಗಾಗಿ ಅಸಲಿ ಸಹಿಗೆ ಬೇಡಿಕೆ ಜಾಸ್ತಿ. ಆದರೆ ಗಗನಯಾತ್ರಿಗಳ ಸಹಿಗೆ ನಾಸಾ ಆಟೋಪೆನ್ ಯಂತ್ರವನ್ನೂ, ಅಂದರೆ ಒಬ್ಬರ ಸಹಿಯನ್ನು ಪೆನ್ನಿನಿಂದ ತಾನೇ ನಕಲು ಬರೆಯುವ ಯಂತ್ರವನ್ನೂ ಬಳಸಿತ್ತು. ಆ ಯಂತ್ರದ ಸಹಿಗಳ ನಮೂನೆಗಳು ಸಂಗ್ರಾಹಕರ ಬಳಿ ದಾಖಲಾಗಿವೆ. ಒಂದನ್ನು ಅದೇ ಅಳತೆಗೆ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ ನನ್ನ ಫೋಟೋ ಮೇಲಿಟ್ಟೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಯಾವ ಮನುಷ್ಯನೂ ಎರಡು ಸಲ ಪಡಿಯಚ್ಚಿನಂತೆ ಒಂದೇ ಸಹಿ ಹಾಕಲಾರ. ಗೆರೆ ಆರಂಭದಿಂದ ಕೊನೆಯವರೆಗೂ ಒಂದೇ ದಪ್ಪ, ಶುರುವಲ್ಲೂ ಕೊನೆಯಲ್ಲೂ ಚುಕ್ಕೆಯಂತೆ ಶಾಯಿ ನಿಂತಿದೆ. ಚಂದ್ರ ಕೈಗೆ ಸಿಗಲಿಲ್ಲ, ಬಿಡಿ.

ಮೂರನೇ ವಾರ ಉಳಿದ 8ರಲ್ಲಿ ನಾಲ್ಕಕ್ಕೆ ಬೆಲೆ ಕಟ್ಟಿದೆ. ಒಂದೇ ವ್ಯಕ್ತಿ, ಒಂದೇ ಬಗೆಯ ವಸ್ತು, ಹತ್ತಿರದ ಸ್ಥಿತಿ: ಈ ಮೂರೂ ಹೊಂದುವ ಮಾರಾಟ ಮಾತ್ರ ಲೆಕ್ಕಕ್ಕೆ. ತೀರಾ ಮೇಲಿನದು, ತೀರಾ ಕೆಳಗಿನದು ಬಿಟ್ಟೆ. ಹರಾಜಿನಲ್ಲಿ ಕೊಂಡವರಿಂದ ವಸೂಲಾಗುವ ಹೆಚ್ಚುವರಿ ಕಮಿಷನ್ ಕೆಲವು ಬೆಲೆಗಳಲ್ಲಿ ಸೇರಿರುತ್ತದೆ, ಕೆಲವುಗಳಲ್ಲಿ ಇಲ್ಲ. ಅದನ್ನು ಗಮನಿಸದೆ ಎರಡು ಅಂಕಿಗಳನ್ನು ಹೋಲಿಸಿ ಸುಮ್ನೆ ಖುಷಿಪಟ್ಟಿದ್ದೆ.

ಕ್ರಿಕೆಟಿಗ ಬ್ರಾಡ್ಮನ್ ಸಹಿ ಅಸಲಿಯೇ ಇರಬೇಕು ಅನ್ನಿಸುತ್ತದೆ. ಆದರೂ ಅಂದುಕೊಂಡಷ್ಟು ಬೆಲೆ ಇಲ್ಲ. ಅವರು 2001ರಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ದಶಕಗಟ್ಟಲೆ ಅಭಿಮಾನಿಗಳ ಪತ್ರಗಳಿಗೆ ಸಹಿ ಹಾಕಿ ಕಳಿಸುತ್ತಿದ್ದವರು. ದೊಡ್ಡ ಹೆಸರು ಅಂದರೆ ಅಪರೂಪ ಅಂತಲ್ಲ, ಅಲ್ವಾ?

ದೊಡ್ಡ ಬ್ಯಾಟ್ ನೋಡಿದರೆ ಹೊಟ್ಟೆ ಉರಿಯುತ್ತದೆ. ಮಾಸಿದ ಒಂದು ಸಹಿಯ ಮೇಲೆ ಹಿಂದೆ ಯಾರೋ ಮಾರ್ಕರ್‌ನಿಂದ ತಿದ್ದಿದ್ದಾರೆ. ಕೆಳಗಿನ ಹಳೆ ಗೆರೆ ಪಕ್ಕದಲ್ಲಿ ಇಣುಕುತ್ತಿದೆ. ಹಾಗೇ ಬಿಟ್ಟಿದ್ದರೆ ಮಾಸಿದ ಸಹಿ ಅಂತಾದರೂ ಬೆಲೆ ಸಿಗುತ್ತಿತ್ತು.

ಉಳಿದ ನಾಲ್ಕಕ್ಕೆ ಪರಿಶೀಲನೆ ಬೇಕು. ಎರಡರ ಜೊತೆ ಪ್ರಮಾಣಪತ್ರ ಇದೆ, ಆದರೆ ಮಾರಿದವರೇ ಬರೆದುಕೊಟ್ಟದ್ದು, ನೆಚ್ಚುವಂತಿಲ್ಲ. ಬೇರೆಯವರಿಂದ ಪರೀಕ್ಷೆ ಮಾಡಿಸಿದರೆ ಪ್ರಮಾಣಪತ್ರಕ್ಕೆ ನಂಬರ್ ಹಾಕಿ ಕೊಡುತ್ತಾರೆ, ಕೊಳ್ಳುವವರು ಅದನ್ನು ತಾಳೆ ನೋಡಬಹುದು. ಶುಲ್ಕ ಮಾತ್ರ ಈ ನಾಲ್ಕರಲ್ಲಿ ಎರಡಕ್ಕೆ ಸಿಗಬಹುದಾದ ಬೆಲೆಗಿಂತ ಜಾಸ್ತಿ. ಅವು ಕವರಿನೊಳಗೇ ಇರಲಿ. ಇನ್ನೆರಡನ್ನು ಸೋಮವಾರ ಕಳಿಸುತ್ತೇನೆ.