ಪುಟ್ಟ ಮಕ್ಕಳಿಗೆ ಮೈಂಡ್‌ಫುಲ್‌ನೆಸ್: ಮೊದಲ ನಾಲ್ಕು ವಾರ ಟೀಚರ್‌ಗೆ

ಶಿಶುವಿಹಾರದಲ್ಲಿ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ತೀರ್ಪು ಕೊಡದೆ ಗಮನಿಸುವ ಅಭ್ಯಾಸ) ಶುರು ಮಾಡೋಣ ಅಂದ ತಕ್ಷಣ ಎಲ್ಲರೂ ಕೇಳುವುದು, ಮಕ್ಕಳಿಗೆ ಯಾವ ಚಟುವಟಿಕೆ ಮಾಡಿಸಬೇಕು ಎಂದು. ನಮ್ಮ ಉತ್ತರ: ಮೊದಲ ನಾಲ್ಕು ವಾರ ಮಕ್ಕಳಿಗೆ ಏನೂ ಬೇಡ. ಆ ನಾಲ್ಕು ವಾರ ಟೀಚರ್ ತಾವು ಕಲಿಯಬೇಕು. ನಾಲ್ಕು ವರ್ಷದ ಮಗು ಮಾತು ಕೇಳಿಸಿಕೊಳ್ಳುವ ಮೊದಲೇ ದೊಡ್ಡವರ ಮುಖ, ದನಿ, ನಡಿಗೆಯ ವೇಗ ಗಮನಿಸಿರುತ್ತದೆ. ತನ್ನ ಗಾಬರಿಯನ್ನು ತಾನೇ ಇಳಿಸಿಕೊಳ್ಳುವ ಶಕ್ತಿ ಆ ವಯಸ್ಸಿಗೆ ಇನ್ನೂ ಬೆಳೆಯುತ್ತಿರುತ್ತದೆ. ಹತ್ತಿರವಿರುವ ದೊಡ್ಡವರ ನೆಮ್ಮದಿಯನ್ನು ಆತುಕೊಂಡೇ ಅದು ಸಮಾಧಾನಕ್ಕೆ ಬರುತ್ತದೆ. ಟೀಚರ್ ಹಲ್ಲು ಕಚ್ಚಿಕೊಂಡು "ಎಲ್ಲರೂ ಶಾಂತವಾಗಿ ಕೂತ್ಕೊಳ್ಳಿ" ಎಂದರೆ ಮಕ್ಕಳಿಗೆ ತಲುಪುವುದು ಆ ಬಿಗಿತವೇ.

ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ದೊಡ್ಡವರಿಗಾಗಿ ಆರಂಭಿಸಿದ ಮೈಂಡ್‌ಫುಲ್‌ನೆಸ್ ತರಬೇತಿ ಇವತ್ತಿನ ಬಹಳಷ್ಟು ಕಾರ್ಯಕ್ರಮಗಳಿಗೆ ಮೂಲ. ಎಂಟು ವಾರ, ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ಮನೆ ಅಭ್ಯಾಸ. ದಿನವಿಡೀ ಮಕ್ಕಳ ಹಿಂದೆ ಓಡಾಡಿ ಮನೆ ಸೇರುವವರಿಗೆ ಇಷ್ಟು ಹೇರಿದರೆ ಎರಡನೇ ವಾರಕ್ಕೇ ಕೈಬಿಡುತ್ತಾರೆ. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ಅದು ನಿಗದಿತ ಹೊತ್ತಿನಲ್ಲಿರಲಿ. ಕುರ್ಚಿಯ ಮೇಲೆ ಕೂತು, ಪಾದ ನೆಲಕ್ಕೆ ತಾಗಿಸಿ, ಉಸಿರು ಎಲ್ಲಿ ಚೆನ್ನಾಗಿ ಗೊತ್ತಾಗುತ್ತದೋ ಅಲ್ಲಿ ಗಮನ ಇಡುವುದು. ಮೂಗಿನ ತುದಿಯಾಗಲಿ, ಎದೆಯಾಗಲಿ, ಹೊಟ್ಟೆಯಾಗಲಿ. ಗಮನ ಜಾರಿತು ಎಂದು ತಿಳಿದ ಕೂಡಲೇ ಬೈದುಕೊಳ್ಳದೆ ಮರಳಿ ತರುವುದು. ಜಾರುವುದು ಅಭ್ಯಾಸ ಕೆಟ್ಟಿತೆಂಬುದರ ಗುರುತಲ್ಲ. ಜಾರಿದ್ದನ್ನು ಗಮನಿಸಿ ಹಿಂದಿರುಗುವುದೇ ಅಭ್ಯಾಸ. ಇದನ್ನು ಟೀಚರ್ ಸ್ವತಃ ಅನುಭವಿಸದಿದ್ದರೆ, ಮುಂದೆ ಮಗು ಅತ್ತಿತ್ತ ನೋಡಿದಾಗ ಗದರುವುದು ಖಂಡಿತ.

ಇದರ ಜೊತೆ ತರಗತಿಯೊಳಗೆ ಮೂರು ಚಿಕ್ಕ ನಿಲುಗಡೆಗಳು. ಬೆಳಗ್ಗೆ ಬಾಗಿಲ ಹಿಡಿಗೆ ಕೈ ಇಟ್ಟಾಗ ಒಂದು ಪೂರ್ತಿ ಉಸಿರು. ಇಬ್ಬರು ಮಕ್ಕಳು ಒಟ್ಟಿಗೆ ಅಳುವಾಗ ಎರಡೂ ಪಾದ ನೆಲ ಮುಟ್ಟಿರುವುದನ್ನು ಗಮನಿಸಿ, ಆಮೇಲೆ ಹೆಜ್ಜೆ ಹಾಕುವುದು. ಹೆಸರು ಹಿಡಿದು ಜೋರಾಗಿ ಕರೆಯಬೇಕು ಅನ್ನಿಸಿದಾಗ ಮೊದಲು ಉಸಿರು ಹೊರಬಿಟ್ಟು ಭುಜ ಇಳಿಸುವುದು. ಎಲ್ಲವೂ ಐದು ಸೆಕೆಂಡಿನ ಕೆಲಸ. ಅಮೆರಿಕದ ಸಂಶೋಧಕಿ ಪ್ಯಾಟ್ರಿಶಿಯಾ ಜೆನ್ನಿಂಗ್ಸ್ ಮತ್ತವರ ತಂಡ ಶಿಕ್ಷಕರಿಗೆಂದೇ ರೂಪಿಸಿದ ಮೈಂಡ್‌ಫುಲ್‌ನೆಸ್ ತರಬೇತಿಯನ್ನು ನ್ಯೂಯಾರ್ಕ್ ನಗರದ 36 ಪ್ರಾಥಮಿಕ ಶಾಲೆಗಳ 224 ಶಿಕ್ಷಕರ ಜೊತೆ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಶಿಕ್ಷಕರ ಮಾನಸಿಕ ಒತ್ತಡ ತಗ್ಗಿತ್ತು, ತರಗತಿಯಲ್ಲಿ ಮಕ್ಕಳಿಗೆ ಸಿಗುವ ಭಾವನಾತ್ಮಕ ಆಸರೆಯೂ ಹೆಚ್ಚಿತ್ತು. ಮಕ್ಕಳಿಗೆ ಪಾಠ ಮಾಡುವ ಮೊದಲೇ ತರಗತಿ ಬದಲಾಗಬಲ್ಲದು ಎಂಬುದಕ್ಕೆ ನಮಗೆ ಇಷ್ಟು ಸಾಕು.

ಐದನೇ ವಾರ ಮಕ್ಕಳ ಸರದಿ. ಮೂರ್ನಾಲ್ಕು ವರ್ಷದವರಿಗೆ ಒಂದು ನಿಮಿಷ, ಐದಾರು ವರ್ಷದವರಿಗೆ ಎರಡರಿಂದ ಮೂರು. ಇದಕ್ಕಿಂತ ಉದ್ದ ಬೇಡ. ಚೆನ್ನಾಗಿ ನಡೆದ ದಿನ ಇನ್ನೊಂದು ನಿಮಿಷ ಎಳೆಯೋಣ ಅನ್ನಿಸುತ್ತದೆ, ಎಳೆದ ಆ ನಿಮಿಷದಲ್ಲೇ ತಳ್ಳಾಟ ಶುರುವಾಗುತ್ತದೆ. ಮಕ್ಕಳು ಬಂದು ಚೀಲ ಇಟ್ಟ ಮೇಲೆ, ಹೊರಗಿನ ಆಟ ಮುಗಿದ ಮೇಲೆ, ಕಥೆಗೆ ಮುಂಚೆ ಹೊತ್ತು ಸರಿಹೊಂದುತ್ತದೆ. ಊಟಕ್ಕೆ ಮುಂಚೆ ಹಸಿವು, ಊಟದ ಮೇಲೆ ನಿದ್ದೆ, ಮನೆಗೆ ಹೊರಡುವ ಹೊತ್ತಿನಲ್ಲಿ ಕಣ್ಣೆಲ್ಲ ಬಾಗಿಲ ಕಡೆ.

ಮೊದಲ ಅಭ್ಯಾಸವಾಗಿ ಉಸಿರಿಗಿಂತ ಗಂಟೆಯ ನಾದ ಒಳ್ಳೆಯದು. ಉಸಿರು ಒಳಗಿನದು, ಸೂಕ್ಷ್ಮ. ನಾದ ಹೊರಗಿನದು, ಅದಕ್ಕೊಂದು ಆರಂಭವಿದೆ, ಮುಕ್ತಾಯವಿದೆ. ನಾದ ಹದಿನೈದು ಇಪ್ಪತ್ತು ಸೆಕೆಂಡ್ ಉಳಿಯುವ ಲೋಹದ ಗಂಟೆ ಬೇಕು. ಅದಕ್ಕಿಂತ ಚಿಕ್ಕದಾದರೆ ಕಿವಿಗೊಡುವಷ್ಟರಲ್ಲಿ ಮುಗಿದಿರುತ್ತದೆ, ಒಂದು ನಿಮಿಷ ಗುಂಯ್ಗುಡುವ ದೊಡ್ಡದಾದರೆ ಮಕ್ಕಳು ಕಾಯುವುದಿಲ್ಲ. ಫೋನಿನ ಗಂಟೆ ಬೇಡವೇ ಬೇಡ: ನಾದ ನಿಧಾನವಾಗಿ ಕರಗುವ ಕೊನೆಯ ಭಾಗ ಅದರ ಸಣ್ಣ ಸ್ಪೀಕರ್‌ನಲ್ಲಿ ಕೇಳುವುದಿಲ್ಲ, ಮಕ್ಕಳ ಕಣ್ಣೂ ಪರದೆಗೆ ಅಂಟಿಕೊಳ್ಳುತ್ತದೆ. ಹೇಳುವುದು ಇಷ್ಟೇ: "ಗಂಟೆ ಬಾರಿಸ್ತೀನಿ. ಶಬ್ದ ಪೂರ್ತಿ ನಿಂತಾಗ ಕೈ ಎತ್ತಿ." ಮೂರು ಸಲ ಬಾರಿಸಿ ನಿಲ್ಲಿಸಿ. ಪಕ್ಕದವರು ಎತ್ತಿದರೆಂದು ಎಲ್ಲರೂ ಕೈ ಎತ್ತುವುದು ಇಲ್ಲಿ ಸಾಮಾನ್ಯ. ಗಂಟೆ ಶುರು ಮಾಡಿದ ಎರಡನೇ ವಾರದಿಂದ ವೃತ್ತದಲ್ಲಿ ಹೊರಮುಖವಾಗಿ ಕೂರಿಸಿದರೆ ಒಬ್ಬರನ್ನೊಬ್ಬರು ನೋಡುವುದು ತಪ್ಪುತ್ತದೆ. ಯಾರು ಸರಿ ಎಂಬ ತೀರ್ಪು ಬೇಡ. ಕಿವಿಗಳು ಬೇರೆ ಬೇರೆ, ನಾದ ಮುಗಿಯುವ ಕ್ಷಣವೂ ಬೇರೆ ಬೇರೆ.

ಉಸಿರಿನ ವಿಷಯದಲ್ಲಿ ತಪ್ಪು ನಡೆಯುವುದು "ದೀರ್ಘವಾಗಿ ಉಸಿರು ಎಳೆದುಕೊಳ್ಳಿ" ಎಂಬ ಮಾತಿನಿಂದಲೇ. ಮಕ್ಕಳು ಭುಜ ಎತ್ತಿ, ಬಾಯಿಂದ ಗಾಳಿ ಸೆಳೆದು, ಕೆನ್ನೆ ಉಬ್ಬಿಸಿ ಹಿಡಿದುಕೊಳ್ಳುತ್ತಾರೆ. ನಾಲ್ಕೈದು ಸಲ ಹೀಗೆ ಮಾಡಿದರೆ ತಲೆ ಸುತ್ತುತ್ತದೆ. ಉಸಿರು ಒಳಗೆ ಹೋಗುವಾಗ ಹೃದಯದ ಬಡಿತ ಕೊಂಚ ವೇಗವಾಗುತ್ತದೆ, ಹೊರಬರುವಾಗ ನಿಧಾನವಾಗುತ್ತದೆ. ಹಾಗಾಗಿ ಹೊರಬಿಡುವುದನ್ನು ಹೇಳಿಕೊಡಿ, ಒಳಗೆಳೆಯುವುದು ತಾನಾಗಿ ಆಗುತ್ತದೆ. ಅಂಗೈ ಮೇಲೆ ಗರಿ ಇಟ್ಟು, ಬೀಳದಂತೆ ಬರೀ ಅಲುಗಾಡುವ ಹಾಗೆ ಊದಲು ಹೇಳಿ. ಜೋರಾಗಿ ಊದಿದರೆ ಗರಿ ಹಾರಿಹೋಗುತ್ತದೆ, ಮೆಲ್ಲಗೆ ಊದಬೇಕೆಂದು ಮತ್ತೆ ಮತ್ತೆ ಹೇಳುವ ಅಗತ್ಯವೇ ಬರುವುದಿಲ್ಲ. ಮಲಗಿಸಿ ಮಾಡುವುದಾದರೆ ಹೊಟ್ಟೆಯ ಮೇಲೆ ಮೆತ್ತನೆಯ ಬೊಂಬೆ ಇಟ್ಟು, ಅದು ಏರಿ ಇಳಿಯುವುದನ್ನು ಐದಾರು ಉಸಿರು ನೋಡಿದರೆ ಸಾಕು. ತೀರಾ ಹಗುರ ಬೊಂಬೆಯ ಒತ್ತು ಗೊತ್ತಾಗುವುದಿಲ್ಲ; ಒಳಗೆ ಒಂದು ಹಿಡಿ ಧಾನ್ಯ ಹಾಕಿ ಗಟ್ಟಿಯಾಗಿ ಹೊಲಿದರೆ ಭಾರ ಸರಿಯಾಗುತ್ತದೆ.

ಕುಲುಕಿದಾಗ ಸುತ್ತುವ ಮಿನುಗು ಪುಡಿ ನಿಧಾನವಾಗಿ ತಳ ಸೇರುವುದನ್ನು ಮಕ್ಕಳು ನೋಡುವ ಗ್ಲಿಟರ್ ಬಾಟಲಿಯನ್ನು ಎಲ್ಲ ಕಡೆ ಮಾಡುತ್ತಾರೆ, ಬಹಳ ಕಡೆ ಕೆಡಿಸುತ್ತಾರೆ. ಅರ್ಧ ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಭಾಗ ಉಗುರುಬೆಚ್ಚಗಿನ ನೀರು, ಎರಡು ದೊಡ್ಡ ಚಮಚ ಪಾರದರ್ಶಕ ಅಂಟು, ಒಂದು ಸಣ್ಣ ಚಮಚ ನುಣ್ಣನೆಯ ಗ್ಲಿಟರ್, ಒಂದು ಹನಿ ಪಾತ್ರೆ ತೊಳೆಯುವ ದ್ರವ. ತಣ್ಣೀರಿನಲ್ಲಿ ಅಂಟು ಕರಗದೆ ಎಳೆಎಳೆಯಾಗುತ್ತದೆ. ಆ ಒಂದು ಹನಿ ಹಾಕದಿದ್ದರೆ ಗ್ಲಿಟರ್ ಮೇಲ್ಮೈಯಲ್ಲೇ ತೇಲುತ್ತದೆ. ಕುಲುಕಿದ ಮೇಲೆ ಒಂದರಿಂದ ಎರಡು ನಿಮಿಷದಲ್ಲಿ ತಳ ಸೇರಬೇಕು. ಬೇಗ ಸೇರಿದರೆ ಅಂಟು ಸೇರಿಸಿ, ತಡವಾದರೆ ನೀರು ಸೇರಿಸಿ. ಹದ ನೋಡಿದ ಮೇಲೆ ಮುಚ್ಚಳವನ್ನು ಬಲವಾದ ಅಂಟಿನಿಂದ ಮುಚ್ಚಿಬಿಡಿ. "ಸಿಟ್ಟು ಬಂದಾಗ ನಮ್ಮೊಳಗೂ ಹೀಗೇ ಸುತ್ತುತ್ತೆ" ಎಂದು ಒಂದೇ ಸಾಲು ಹೇಳಿ ಸುಮ್ಮನಾಗಿ.

ದೊಡ್ಡವರ ತರಗತಿಯಲ್ಲಿ ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ತಿನ್ನುವ ಅಭ್ಯಾಸ ಪ್ರಸಿದ್ಧ. ಅದನ್ನು ಹಾಗೇ ತರಬೇಡಿ. ಸಣ್ಣ, ಗಟ್ಟಿ ಅಥವಾ ಉರುಟಾದ ತಿನಿಸು ಈ ವಯಸ್ಸಿನವರ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಅಲರ್ಜಿಯ ಪ್ರಶ್ನೆಯೂ ಇದೆ. ಕಿತ್ತಳೆ ಸಿಪ್ಪೆ ಮೂಸುವುದರಲ್ಲೂ ಅಷ್ಟೇ ಕಲಿಕೆ ಇದೆ.

"ಕಣ್ಣು ಮುಚ್ಚಿ" ಎಂದು ಆಜ್ಞೆ ಮಾಡಬೇಡಿ. ಕೆಲವು ಮಕ್ಕಳಿಗೆ ಕಣ್ಣು ಮುಚ್ಚಿದರೆ ಭಯ, ಕಾರಣ ನಮಗೆ ತಿಳಿಯದೇ ಇರಬಹುದು. "ಮುಚ್ಚಬಹುದು, ಇಲ್ಲಾ ನೆಲ ನೋಡಬಹುದು" ಎಂದು ಎರಡು ದಾರಿ ಕೊಡಿ. ಸೇರಲು ಒಪ್ಪದ ಮಗು ಬೇರೆಯವರಿಗೆ ತೊಂದರೆ ಕೊಡದೆ ಪುಸ್ತಕ ಹಿಡಿದು ಪಕ್ಕದಲ್ಲಿ ಕೂತಿರಲಿ. ನೋಡುತ್ತಲೇ ಕಲಿಯುವ ಮಕ್ಕಳು ಬಹಳ.

ನಮಗೆ ನಿಜವಾಗಿ ಚಿಂತೆ ತರುವುದು ಇದನ್ನು ಶಿಸ್ತಿನ ಕೋಲಾಗಿ ಬಳಸುವುದು. "ಅಲ್ಲಿ ಹೋಗಿ ಉಸಿರಾಡು" ಎಂದು ಗದರಿ ಮೂಲೆಗೆ ಕಳಿಸಿದರೆ ಉಸಿರೇ ಶಿಕ್ಷೆಯಾಗುತ್ತದೆ. ಸಮಾಧಾನದ ಮೂಲೆ ಇರಲಿ: ಒಂದು ದಿಂಬು, ಬಾಟಲಿ, ಗರಿ, ಮುಖಭಾವಗಳ ಚಿತ್ರ, ಮೂರು ನಿಮಿಷದ ಮರಳು ಗಡಿಯಾರ. ಆದರೆ ಅಲ್ಲಿಗೆ ಮಗು ತಾನಾಗಿ ಹೋಗಿ ತಾನಾಗಿ ಬರಬೇಕು, ಟೀಚರ್ ಕೂಡ ನಡುನಡುವೆ ಅಲ್ಲಿ ಕೂರಬೇಕು. ಅಲುಗಾಡದೆ ಕೂತವರಿಗೆ ನಕ್ಷತ್ರದ ಸ್ಟಿಕ್ಕರ್ ಕೊಡುವುದೂ ಬೇರೆ ರೂಪದ ಅದೇ ತಪ್ಪು. ಮಕ್ಕಳು ಶಾಂತಿಯನ್ನು ನಟಿಸಲು ಕಲಿಯುತ್ತಾರೆ. ಹೊಗಳುವ ಬದಲು "ನಿನಗೆ ಏನು ಕೇಳಿಸಿತು?" ಎಂದು ಕೇಳಿ. "ಏನೂ ಇಲ್ಲ" ಎಂಬುದೂ ಸರಿಯಾದ ಉತ್ತರ.

ರಂಪ ಏರಿದ ಮಗುವಿಗೆ ಆ ಕ್ಷಣದಲ್ಲಿ ಅಭ್ಯಾಸ ಹೇಳಿಕೊಡಲು ಹೋಗಬೇಡಿ. ಮೈಯೆಲ್ಲ ಗಾಬರಿಯಲ್ಲಿರುವಾಗ ಸೂಚನೆ ಒಳಗಿಳಿಯುವುದಿಲ್ಲ. ಅದರ ಎತ್ತರಕ್ಕೆ ಕೂತು, ಮಾತು ಕಡಿಮೆ ಮಾಡಿ, ನಿಮ್ಮ ಉಸಿರು ನಿಧಾನ ಮಾಡಿಕೊಂಡು ಜೊತೆಗಿರಿ. ಅದು ಇಳಿದು ಸಾಕಷ್ಟು ಹೊತ್ತಾದ ಮೇಲೆ, "ಸಿಟ್ಟು ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಯಿತು?" ಎಂದು ಕೇಳಿದರೆ ಹೊಟ್ಟೆ, ಕೈ, ಕೆನ್ನೆ ಎಂದು ತೋರಿಸುತ್ತದೆ. ನೆಮ್ಮದಿಯ ಹೊತ್ತಿನಲ್ಲಿ ಕಲಿತದ್ದು ಮಾತ್ರ ಕಷ್ಟದ ಹೊತ್ತಿಗೆ ಕೈಗೆಟಕುತ್ತದೆ.

ಪೋಷಕರಿಗೆ ದೊಡ್ಡ ಮಾತು ಕೊಡಬೇಡಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 68 ಪುಟ್ಟ ಮಕ್ಕಳಿದ್ದರು. ಹನ್ನೆರಡು ವಾರ ದಯೆ ಮತ್ತು ಗಮನದ ಪಾಠ ಪಡೆದವರ ಬೆರೆಯುವ ಗುಣಕ್ಕೆ ಶಿಕ್ಷಕರು ಹೆಚ್ಚು ಅಂಕ ಕೊಟ್ಟರು. ಆಶಾದಾಯಕವೇ, ಆದರೆ ಗುಂಪು ಚಿಕ್ಕದು, ಪಾಠ ಮಾಡಿದವರು ನುರಿತವರು. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹದಿಹರೆಯದ ವಿದ್ಯಾರ್ಥಿಗಳ ಮೇಲೆ ನಡೆದು 2022ರಲ್ಲಿ ಹೊರಬಂದ ಪರೀಕ್ಷೆಯಲ್ಲಿ, ಶಾಲೆಯಲ್ಲಿ ಮಾಮೂಲಿ ನಡೆಯುವ ಪಾಠಕ್ಕಿಂತ ಮೈಂಡ್‌ಫುಲ್‌ನೆಸ್ ಮೇಲು ಎಂದು ಕಂಡುಬರಲಿಲ್ಲ. ಹೆಚ್ಚಿನವರು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ವಯಸ್ಸು ಬೇರೆ, ಆದರೂ ಎಚ್ಚರಿಕೆ ನಮಗೂ ಸಲ್ಲುತ್ತದೆ. ಪೋಷಕರ ಚೀಟಿಯಲ್ಲಿ ಏನು ಮಾಡಿಸುತ್ತೀರಿ, ಎಷ್ಟು ನಿಮಿಷ, ಯಾವ ಧರ್ಮದ ಪಠಣವೂ ಇದರಲ್ಲಿಲ್ಲ, ಮಗು ಬೇಡವೆಂದರೆ ಬಿಡುತ್ತೀರಿ, ಇಷ್ಟು ಬರೆದರೆ ಸಾಕು.

ನಿಶ್ಶಬ್ದ ಆದಾಗಲೆಲ್ಲ ಅಳುವ, ಬೆಚ್ಚಿಬೀಳುವ, ಅಥವಾ ಯಾವ ಸ್ಪರ್ಶಕ್ಕೂ ಮುದುಡಿಕೊಳ್ಳುವ ಮಗುವಿದ್ದರೆ ಆ ಮಗುವಿಗೆ ಇದನ್ನು ಅಲ್ಲಿಗೇ ನಿಲ್ಲಿಸಿ. ಆ ಹೊತ್ತಿಗೆ ಅದು ಸಹಾಯಕರ ಜೊತೆ ಗಿಡಕ್ಕೆ ನೀರು ಹಾಕಲಿ, ಬಣ್ಣ ತುಂಬಲಿ. ಕಂಡದ್ದನ್ನು ದಿನಾಂಕ ಸಮೇತ ಬರೆದಿಡಿ, ಪೋಷಕರ ಜೊತೆ ಮಾತಾಡಿ, ಮಕ್ಕಳ ಮನೋತಜ್ಞರ ಬಳಿ ಹೋಗಲು ದಾರಿ ಮಾಡಿಕೊಡಿ.